ತಳ ಹೊಲಿಯದ ಗುಡಾರ

ಸುರಪುರದ ಪೇಟೆಯಲ್ಲಿ ತಾಡಪತ್ರಿ ಹೊಲಿಯುತ್ತಿದ್ದ ಆ ಮನುಷ್ಯ ಮೊನ್ನೆ ತೀರಿಕೊಂಡರು. ಮಣ್ಣಿಗೆ ಇಪ್ಪತ್ತು ಜನವೂ ಸೇರಿರಲಿಲ್ಲವಂತೆ. ನಾನಂತೂ ಹೋಗಲಿಲ್ಲ. ಅವರನ್ನು ಕಂಡರೆ ಆಗದವರು ಊರಲ್ಲಿ ಬೇಕಾದಷ್ಟು ಜನರಿದ್ದರು, ಅವರಲ್ಲಿ ಮೊದಲಿಗ ನಾನು. ಅವರು ಹೊಲಿದುಕೊಟ್ಟ ಗುಡಾರದೊಳಗೆ ನನ್ನ ಗೆಳೆಯ ದೇವಿಂದ್ರಪ್ಪ ಸತ್ತ. ಆ ಗುಡಾರದಲ್ಲಿ ಮಲಗಿದವನು ಸಾಯುತ್ತಾನೆಂದು ಗೊತ್ತಿದ್ದೂ ಹೊಲಿದರು ಎಂದು ಚಹಾದಂಗಡಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದವನೂ ನಾನೇ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒಂದು ಸಂಗತಿಯನ್ನು ಮಾತ್ರ ಬಿಟ್ಟು ಹೇಳಿದ್ದೆ. ಅದನ್ನು ಬರೆಯಬೇಕಾದರೆ ಆ ಮನುಷ್ಯ ಎಂಥವರಿದ್ದರು ಎಂಬುದನ್ನು ಮೊದಲು ಬರೆಯಬೇಕು.

ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು. ಯಾರ ಜೊತೆಗೂ ಅವರು ಕಾಕಾನ ಹಾಗೆ ನಡೆದುಕೊಂಡದ್ದನ್ನು ನಾನು ಕಾಣೆ. ಗಿಡ್ಡ ಆಸಾಮಿ, ಕಪ್ಪು ಮೈ, ಎದೆಯ ಗುಂಡಿ ಹಾಕದ ಅಂಗಿ. ಎಡಗೈ ಹೆಬ್ಬೆರಳಿನ ಉಗುರು ಸೂಜಿ ಚುಚ್ಚಿ ಚುಚ್ಚಿ ಎರಡಾಗಿ ಸೀಳಿತ್ತು. ಬಾಯಲ್ಲಿ ಸದಾ ದಾರದ ತುದಿ. ಅದನ್ನು ಕಚ್ಚಿಕೊಂಡೇ ಬೈಯುತ್ತಿದ್ದರು. ಬೈಗುಳಕ್ಕೆ ಕಾರಣವೇನೂ ಬೇಕಾಗಿರಲಿಲ್ಲ, ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕಿತ್ತು.

ಲಾರಿಗೆ ಹೊದಿಸುವ, ರಾಶಿಗೆ ಮುಚ್ಚುವ ತಾಡಪತ್ರಿ ಯಾರು ಬೇಕಾದರೂ ಹೊಲಿಯುತ್ತಾರೆ. ಕಾಕಾನ ಕೈಚಳಕ ಇದ್ದದ್ದು ಬಯಲಲ್ಲಿ ರಾತ್ರಿ ಕಳೆಯುವವರ ಗುಡಾರದಲ್ಲಿ. ಹೊಲ ಕಾಯುವವರು, ಕುರಿ ಕಾಯುವವರು, ಹೊಳೆಯ ದಂಡೆಯಲ್ಲಿ ಗಾಳ ಹಾಕಿ ಬೆಳಗಾಗುವವರೆಗೆ ಕೂಡುವವರು ಅವರ ಗಿರಾಕಿಗಳು. ಒಬ್ಬ ಮನುಷ್ಯ ತೆವಳಿಕೊಂಡು ಹೋಗಿ ಮಲಗುವಷ್ಟು ಗುಡಾರ, ಅದರೊಳಗೆ ಎದ್ದು ಕೂತರೆ ತಲೆ ತಾಗಬೇಕು. "ಒಂದು ಗುಡಾರ ಬೇಕ್ರಿ ಕಾಕಾ" ಎಂದು ಹೋದವನಿಗೆ ಕೋರ್ಟಿನಲ್ಲಿ ನಿಲ್ಲಿಸಿದ ಹಾಗೆ ಪ್ರಶ್ನೆ.

"ಎಲ್ಲಿ ಮಲಗಾಂವ? ಎರಿಯಾಗೋ, ಉಸುಕಿನಾಗೋ, ಬಂಡಿಗಲ್ಲಿನ ಮ್ಯಾಲೋ?"

"ಹೊಳಿ ದಂಡ್ಯಾಗ್ರಿ."

"ಗೊರಕಿ ಹೊಡಿತಿ?"

"ಅದ್ಯಾಕ್ರಿ ಈಗ..."

"ರಾತ್ರಿ ಎಷ್ಟು ಸಲ ಉಚ್ಚಿಗೆ ಏಳ್ತಿ?"

ಪಕ್ಕದ ಬಳೆ ಅಂಗಡಿಯಲ್ಲಿ ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಉತ್ತರ ಹೇಳದಿದ್ದರೆ ಬಟ್ಟೆ ಕತ್ತರಿಸುತ್ತಿರಲಿಲ್ಲ.

ಒಮ್ಮೆ ದೋರನಹಳ್ಳಿಯ ಒಬ್ಬ ರೈತ ಬಂದಿದ್ದ. ಮೆಣಸಿನಕಾಯಿ ಹೊಲ ಕಾಯಲು ಗುಡಾರ ಬೇಕಿತ್ತು. ನೀಲಿ ಪ್ಲಾಸ್ಟಿಕ್ಕಿನದೇ ಆಗಬೇಕು, ನಾಲ್ಕೂ ಕಡೆ ಮುಚ್ಚಿರಬೇಕು ಎಂದು ಹಟ ಹಿಡಿದ. ಬೇಸಿಗೆಯ ನಡುಮಧ್ಯಾಹ್ನ, ಬೀದಿಯ ಡಾಂಬರು ಕಾಲಿಗೆ ಅಂಟುವ ಹೊತ್ತು. ಕಾಕಾ ಎದ್ದು ಒಂದು ನೀಲಿ ಹಾಳೆಯನ್ನು ಗುಡಾರದ ಹಾಗೆ ಮಡಚಿ ಬೀದಿಯ ಮೇಲೆ ನಿಲ್ಲಿಸಿದರು.

"ಒಳಗ ಮಲ್ಕೋ."

"ಇಲ್ಲೇನ್ರಿ? ಮಂದಿ ನೋಡಾಕತ್ತದ."

"ಹೊಲದಾಗ ಚೇಳು ನೋಡ್ತಾವ. ಮಲ್ಕೋ ಅಂದ್ರ ಮಲ್ಕೋ."

ಅವನು ನಾಚುತ್ತ ಒಳಗೆ ಹೋದ. ಕಾಕಾ ಬಾಯಿ ಕಟ್ಟಿ, ಹಗ್ಗದ ತುದಿಯ ಮೇಲೆ ಸ್ಟೂಲು ಹಾಕಿಕೊಂಡು ಕೂತು ಚಹಾ ತರಿಸಿದರು. ಒಳಗಿನವನು ಮೊದಲು ನಕ್ಕ, ಆಮೇಲೆ ಬೈದ, ಆಮೇಲೆ "ಸಾಯ್ತೀನ್ರಿ ಯಪ್ಪಾ" ಎಂದು ಕೂಗಿದ. ಕಾಕಾ ಚಹಾ ಮುಗಿಸಿಯೇ ಎದ್ದರು. ಹಗ್ಗ ಬಿಚ್ಚಿದಾಗ ಆ ಮನುಷ್ಯ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ ಹೊರಗೆ ಉರುಳಿ, ಅಲ್ಲೇ ವಾಂತಿ ಮಾಡಿಕೊಂಡ. "ನೀನ ಬೇಕಂದಿದ್ದಿ. ಬೆಂದದ್ದು ಸಾಕೋ, ಇನ್ನ ಬೇಯಿಸಬೇಕೋ?" ಎಂದು ಕೇಳಿದರು. ಆಮೇಲೆ ಎರಡೂ ತುದಿ ತೆರೆದಿರುವ, ದಪ್ಪ ಖಾಕಿ ಬಟ್ಟೆಯ ಗುಡಾರ ಹೊಲಿದುಕೊಟ್ಟರು. ಅದು ಹತ್ತು ವರ್ಷ ಬಾಳಿತಂತೆ. ಆ ರೈತ ಮಾತ್ರ ಮತ್ತೆಂದೂ ಆ ಬೀದಿಯಲ್ಲಿ ಹಾಯಲಿಲ್ಲ.

ಇನ್ನೊಬ್ಬ, ಹೊರಗಿನಿಂದ ವರ್ಗವಾಗಿ ಬಂದ ಎಳೆಯ ಅಧಿಕಾರಿ. ಮೊಬೈಲಿನಲ್ಲಿ ತರಿಸಿದ ಟೆಂಟು, ಒಂದು ಮೂಲೆಯ ಹೊಲಿಗೆ ಬಿಚ್ಚಿತ್ತು. ಕಾಕಾ ಹೊಲಿಗೆಯನ್ನು ನೋಡಲೇ ಇಲ್ಲ, ಜೊತೆಗಿದ್ದ ಗೂಟಗಳನ್ನು ಕೈಗೆ ತೆಗೆದುಕೊಂಡರು. ಬೆರಳಿನಷ್ಟು ಉದ್ದದ ತಂತಿ.

"ಇದು ಗೂಟ ಏನ್ರಿ ಸಾಹೇಬ್ರ? ನಿಮ್ಮ ಹೆಂಡ್ತಿ ತೆಲಿ ಪಿನ್ನು ತಂದೀರಿ, ಆಕಿ ಹುಡುಕ್ತಿದ್ದಾಳು."

ಎರೆಯ ಕಪ್ಪು ಭೂಮಿಗೆ ಮೊಳದುದ್ದದ ಜಾಲಿ ಗೂಟ ಬೇಕು, ಮಳೆಯಾದಾಗ ಆ ಮಣ್ಣು ಬೆಣ್ಣೆಯ ಹಾಗೆ ಬಿಟ್ಟುಕೊಡುತ್ತದೆ, ಶಹಾಪುರದ ಗುಡ್ಡದ ಮೇಲೆ ಮಲಗುವುದಾದರೆ ಗೂಟ ಮರೆತು ನಾಲ್ಕು ಚೀಲದಲ್ಲಿ ಕಲ್ಲು ತುಂಬಿ ಮೂಲೆಗೆ ಕಟ್ಟಬೇಕು ಎಂದು ಹೇಳಿದರು. ಹುಡುಗ ಖುಷಿಯಾಗಿ ಮೊಬೈಲು ಹಿಡಿದು ವೀಡಿಯೋ ಮಾಡತೊಡಗಿದ. "ನಿನ್ನ ಟೆಂಟು ನೀರು ತಡಿತದಂತಿ, ಇದೂ ತಡಿತದೇನು ನೋಡೂಣು" ಎಂದು ಕಾಕಾ ಚೊಂಬಿನ ನೀರನ್ನು ಮೊಬೈಲಿನ ಮೇಲೆ ಸುರಿದರು. ಅದು ತಡೆಯಲಿಲ್ಲ.

ಮನೆಯವರನ್ನೂ ಬಿಟ್ಟವರಲ್ಲ. ಹೆಂಡತಿ ದಿನಾ ಮಧ್ಯಾಹ್ನ ಬುತ್ತಿ ತರುತ್ತಿದ್ದಳು. ಮುಚ್ಚಳ ತೆಗೆದು, ಪಲ್ಯದಲ್ಲಿ ಉಪ್ಪು ಹೆಚ್ಚೋ ಕಡಿಮೆಯೋ ಬೀದಿಗೆಲ್ಲ ಕೇಳುವ ಹಾಗೆ ಸಾರುತ್ತಿದ್ದರು. ಆಕೆ ಸತ್ತ ಮೂರನೆಯ ದಿನಕ್ಕೇ ಮಷಿನ್ ತುಳಿಯುತ್ತ ಕೂತಿದ್ದರು. ಮಾತಾಡಿಸಲು ಹೋದವರಿಗೆ, "ಆಕಿ ಇದ್ದಾಗ ಊಟ ತಡ ಆಗ್ತಿತ್ತು. ಈಗ ಆ ಕಾಟ ಇಲ್ಲ" ಎಂದರು. ಛೀ, ಇವನೂ ಒಬ್ಬ ಮನುಷ್ಯನೇ ಎಂದು ಜನ ಉಗುಳಿದರು. ಅಂದಿನಿಂದ ಅವರು ಮಧ್ಯಾಹ್ನ ಊಟ ಮಾಡುವುದನ್ನೇ ಬಿಟ್ಟದ್ದನ್ನು ನಾನು ಗಮನಿಸಿದ್ದೆ. ಆದರೂ ಅವರ ಮೇಲೆ ಕನಿಕರ ಹುಟ್ಟಲಿಲ್ಲ ನನಗೆ.

ಹುಟ್ಟದಿರಲು ಕಾರಣವಿತ್ತು. ಈ ಊರಿನ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ನನಗೂ ಮೋಟಾರು ವೈಂಡಿಂಗ್ ಅಂಗಡಿಯ ದೇವಿಂದ್ರಪ್ಪನಿಗೂ ಮೀನಿನ ಹುಚ್ಚು. ಶನಿವಾರ ಸಂಜೆ ಬೈಕು ಹತ್ತಿದರೆ ತಿಂಥಣಿಯ ಸೇತುವೆಯಿಂದ ಕೆಳಗೆ ಕೃಷ್ಣೆಯ ದಂಡೆ, ಭಾನುವಾರ ಹೊತ್ತೇರುವವರೆಗೆ ಮನೆಯ ನೆನಪಿಲ್ಲ. ಮೊದಲ ಸಲ ಗುಡಾರಕ್ಕೆಂದು ಕಾಕಾನ ಹತ್ತಿರ ಹೋದಾಗ ನನ್ನ ವಿದ್ಯಾರ್ಥಿಗಳ ಎದುರಿಗೇ, "ಏಯ್ ಸುಣ್ಣದ ಮಾಸ್ತರ್ರ, ನೀವು ಹೊಳಿಗೆ ಯಾಕ ಹೋಗ್ತೀರಿ? ಮೀನಿಗೆ ಅಆಇಈ ಕಲಿಸಾಕೇನು?" ಎಂದರು. ನನಗೆ 'ರಿ' ಹಚ್ಚಿಯೇ ಬೈಯುತ್ತಿದ್ದರು, ಅದು ಇನ್ನೂ ಹೆಚ್ಚು ಉರಿಯುತ್ತಿತ್ತು. ಸುಣ್ಣದ ಮಾಸ್ತರ ಎಂಬ ಹೆಸರು ಶಾಲೆಯ ಗೋಡೆಯ ಮೇಲೂ ಬಂತು. ನಿವೃತ್ತನಾಗುವವರೆಗೆ ಅಳಿಸಿದಷ್ಟೂ ಬರೆದರು.

ನನಗೂ ದೇವಿಂದ್ರಪ್ಪನಿಗೂ ಅವರು ಹೊಲಿದುಕೊಟ್ಟದ್ದು ಒಂದೇ ಥರದ ಗುಡಾರ. ತಲೆಯ ಕಡೆ ಮುಚ್ಚಿದ್ದು, ಕಾಲಿನ ಕಡೆ ತೆರೆದದ್ದು, ತಳವೇ ಇಲ್ಲದ್ದು. ನೆಲಕ್ಕೆ ಗೋಣಿತಟ್ಟು ಹಾಸಿಕೊಂಡು ಮಲಗಬೇಕು. "ತೆಲಿ ದಂಡಿ ಕಡಿ, ಕಾಲು ಹೊಳಿ ಕಡಿ. ತಿರುವ್ಯಾಡಿ ಮಲಗಿದಿರಿ ಅಂತ ಕೇಳಿದ್ರ ಗುಡಾರ ಕಸ್ಕೋತೀನಿ" ಎಂದಿದ್ದರು. ಯಾಕೆ ಎಂದು ನಾನು ಕೇಳಿದೆ. "ಯಾಕಂತ ಸಾಲ್ಯಾಗ ಕೇಳ್ರಿ. ಇಲ್ಲಿ ಹೇಳಿದ್ದು ಮಾಡ್ರಿ" ಎಂದರು. ಕಾಲ ಬಳಿ ಬಟ್ಟೆ ಉಳಿಸಿ ದುಡ್ಡು ಹೊಡೆಯುವ ಜಿಪುಣತನವೆಂದೇ ನಾನು ತಿಳಿದೆ. ಅವರು ಹುಟ್ಟಿದ್ದು ಹೊಳೆಯ ದಂಡೆಯ ಊರಿನಲ್ಲಿ, ಅಪ್ಪ ತೆಪ್ಪ ನಡೆಸುತ್ತಿದ್ದ ಎಂಬುದೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ. ಹದಿನೈದು ವರ್ಷ ಅವರು ಹೇಳಿದ ಹಾಗೇ ಮಲಗಿದೆವು. ಬೆಳಗಿನ ಜಾವ ಪಾದ ಮರಗಟ್ಟುತ್ತಿತ್ತು, ಅವರನ್ನು ಬೈದುಕೊಳ್ಳುತ್ತಿದ್ದೆವು.

ಆಮೇಲೆ ದೇವಿಂದ್ರಪ್ಪನಿಗೆ ದಮ್ಮು ಶುರುವಾಯಿತು. ನೆಲದ ತಂಪು ತಗಲಬಾರದು ಎಂದು ಯಾದಗಿರಿಯ ಡಾಕ್ಟರು ಹೇಳಿ ಕಳಿಸಿದರು. ಅವನ ಹೆಂಡತಿ ಅಯ್ಯಮ್ಮ ನನ್ನನ್ನು ಮನೆಗೆ ಕರೆಸಿದಳು. ಮನೆತುಂಬ ತಾಮ್ರದ ತಂತಿಯ ವಾಸನೆ, ಮೂಲೆಯಲ್ಲಿ ಅವನು ಕೆಮ್ಮುತ್ತ ಕೂತಿದ್ದ.

"ಅಣ್ಣಾ, ಇವ್ರಿಗೆ ಹೊಳಿ ಬಿಡಂತ ಹೇಳ್ರಿ. ನನ್ನ ಮಾತು ಕೇಳವಲ್ರು."

"ಹೊಳಿ ಬಿಟ್ರ ನಾ ಮನ್ಯಾಗ ಸಾಯ್ತೀನಿ ನೋಡು" ಎಂದ ದೇವಿಂದ್ರಪ್ಪ.

"ಬಿಡೂದೇನು ಬ್ಯಾಡ ತಂಗೆವ್ವ. ಥಂಡಿ ಹತ್ತದಂಥ ಗುಡಾರ ನಾ ಮಾಡಸ್ತೀನಿ. ಅದರ ಜವಾಬ್ದಾರಿ ನಂದು" ಎಂದೆ.

ಈ ಮಾತು ಹೇಳಿದವನು ನಾನು. ಯಾರೂ ನನ್ನ ಬಾಯಿಂದ ಹೇಳಿಸಲಿಲ್ಲ.

ನಿವೃತ್ತನಾಗಿ ಮನೆಯಲ್ಲಿ ಬೇಸರವಾಗಿತ್ತು. ಕೆಲಸ ಸಿಕ್ಕಿತು. ಹೊರದೇಶದ ಮೀನುಗಾರರ ವೀಡಿಯೋ ಹತ್ತಾರು ನೋಡಿದೆ. ತಳವನ್ನು ಗೋಡೆಗೆ ಸೇರಿಸಿ ಹೊಲಿದು, ಗೇಣೆತ್ತರದವರೆಗೆ ರಬ್ಬರಿನ ಬಟ್ಟೆ ತಂದು, ತೊಟ್ಟಿಯ ಹಾಗೆ ಮಾಡಿದ ಗುಡಾರಗಳು. ಮಳೆಯಲ್ಲೂ ಒಳಗೆ ಒಂದು ಹನಿ ಇಲ್ಲ. ಮುಂದೆ ಸೊಳ್ಳೆಯ ಜಾಳಿಗೆ, ಅದಕ್ಕೆ ಎಳೆದು ಮುಚ್ಚುವ ಚೈನು, ಅಂದರೆ ಜಿಪ್. ನಾಲ್ಕು ದಿನ ಕೂತು ಅಳತೆ ಹಾಕಿ ಚಿತ್ರ ಬರೆದೆ. ಹೊಸ ಗುಡಾರಕ್ಕೆ ಎಂಥ ಬಟ್ಟೆ, ಎಂಥ ಚೈನು, ಯಾವ ಬಣ್ಣ, ಎಲ್ಲ ನನ್ನದೇ ಆಯ್ಕೆ. ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ದೇವಿಂದ್ರಪ್ಪನನ್ನೂ ಕರೆದುಕೊಂಡು ಕಾಕಾನ ಅಂಗಡಿಗೆ ಹೋದೆ.

ಕಾಕಾ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದು ಹೊಳಿ ದಂಡಿಗೇನ್ರಿ?"

"ಹೌದ್ರಿ."

"ತಳ ಹೊಲಿಯಂಗಿಲ್ಲ."

"ಯಾಕ್ರಿ?"

"ಹೊಲಿಯಂಗಿಲ್ಲ ಅಂದ್ರ ಹೊಲಿಯಂಗಿಲ್ಲ. ಈ ದಮ್ಮಿನ ಮುದಿಯ ಹೆಂಡ್ತಿ ಮಗ್ಗಲಾಗ ಬೆಚ್ಚಗ ಮಲಗ್ಲಿ. ಹೊಳಿ ಇವಂಗ ಯಾಕ ಬೇಕು? ಉಸರಿಲ್ಲ, ಕಸುವಿಲ್ಲ, ಗಾಳ ಹಿಡದ್ರ ಮೀನ ಇವನ್ನ ಒಳಗ ಜಗ್ಗತಾವ."

ಅಂಗಡಿಯಲ್ಲಿ ಏಳೆಂಟು ಜನರಿದ್ದರು, ಎಲ್ಲರೂ ನಕ್ಕರು. ದೇವಿಂದ್ರಪ್ಪ ತಲೆ ತಗ್ಗಿಸಿದ. ಅವನ ಎದೆ ಕುಯ್ಯೆನ್ನುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಹದಿನೈದು ವರ್ಷದ ಸಿಟ್ಟು ನೆತ್ತಿಗೇರಿತು. ಕೂಗಿದೆ.

"ಏಯ್, ಸಾಕು! ನಿಮ್ಮ ಬಾಯಿ ಗಟಾರಕ್ಕಿಂತ ಹೊಲಸ ಆಗ್ಯದ. ಕಟ್ಟಿಕೊಂಡ ಹೆಂಡ್ತಿಗೆ ಒಂದು ಒಳ್ಳೆ ಮಾತಾಡಲಿಲ್ಲ, ಆಕಿ ಸತ್ತ ಮ್ಯಾಲೂ ಬಿಡಲಿಲ್ಲ. ನಿಮ್ಮ ಬುದ್ಧಿ ಯಾರು ಕೇಳ್ಯಾರ? ನೀವು ಹೊಲಿಯಾಂವ್ರು. ಹಾಳ್ಯಾಗ ಹೆಂಗದ ಹಂಗ ಹೊಲೀರಿ. ಮುಗಿಯೂತನ ನಿಮ್ಮ ಬಾಯಿಂದ ಒಂದು ಮಾತು ಹೊರಗ ಬಿದ್ರ ಈ ಅಂಗಡಿ ಮೆಟ್ಟಲ ಯಾರೂ ಹತ್ತದಂಗ ಮಾಡ್ತೀನಿ."

ಹೆಂಡತಿಯ ಮಾತು ಎತ್ತಿದಾಗ ಅವರ ಬಾಯಿಂದ ದಾರ ಜಾರಿ ಬಿತ್ತು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ. ಆಮೇಲೆ ಟೇಪು ತೆಗೆದುಕೊಂಡು ದೇವಿಂದ್ರಪ್ಪನ ಉದ್ದ ಅಳೆದರು. ಹೊರಗೆ ಬಂದಾಗ ನಾಲ್ಕು ಜನ ನನ್ನ ಬೆನ್ನು ತಟ್ಟಿದರು. ಆ ದಿನದಷ್ಟು ಖುಷಿ ನನಗೆ ನಿವೃತ್ತಿಯ ಸನ್ಮಾನದಲ್ಲೂ ಆಗಿರಲಿಲ್ಲ.

ಎರಡು ವಾರಕ್ಕೆ ಗುಡಾರ ಮುಗಿಯಿತು. ಹೊಲಿಗೆ ಎಂದರೆ ಹೊಲಿಗೆ. ಒಂದೊಂದು ಅಂಚನ್ನೂ ಮಡಚಿ ಎರಡು ಸಲ ಹೊಲಿದು ಮೇಣ ಸವರಿದ್ದರು. ಕೈಗೆ ಕೊಡುವಾಗ ಅವರು ಏನೋ ಹೇಳಲು ಬಾಯಿ ತೆರೆದರು. "ಮಾಸ್ತರ್ರ..." ಎಂಬಷ್ಟು ಬಂತು. ನಾನು ತರಗತಿಯಲ್ಲಿ ಮಾಡುತ್ತಿದ್ದ ಹಾಗೆ ತುಟಿಯ ಮೇಲೆ ಬೆರಳಿಟ್ಟು "ಶ್!" ಎಂದೆ. ಸುತ್ತಲಿನವರು ಹೋ ಎಂದು ನಕ್ಕರು. ಕಾಕಾ ಬಾಯಿ ಮುಚ್ಚಿಕೊಂಡರು.

ನಾನು ಊರಿಗೆ ಹೇಳದೆ ಬಿಟ್ಟದ್ದು ಇದನ್ನೇ. ಅಂದು ಅಲ್ಲಿದ್ದವರಿಗೆ ಅದೊಂದು ತಮಾಷೆ, ನಕ್ಕು ಮರೆತುಬಿಟ್ಟಿದ್ದರು.

ಮಿರಗದ, ಅಂದರೆ ಮೃಗಶಿರೆಯ ಮಳೆ ಒಂದೆರಡು ಆಗಿತ್ತು. ಹೊಸ ಗುಡಾರದ ಮೊದಲ ಶನಿವಾರ. ಮೇಲೆ ಮಳೆ ಜೋರಾಗಿ ಹೊಳೆಗೆ ನೀರು ಬರುತ್ತದೆ, ದಂಡೆಯಲ್ಲಿ ಯಾರೂ ಇರಬೇಡಿ ಎಂದು ಅಂದು ಮಧ್ಯಾಹ್ನ ಹೊಳೆಸಾಲಿನ ಊರುಗಳಲ್ಲಿ ಡಂಗುರ ಹೊಡೆದಿದ್ದರಂತೆ. ನಾವು ಊರೊಳಗಿಂದ ಹೋಗದೆ ಹೊಲದ ಹಾದಿ ಹಿಡಿದಿದ್ದೆವು. ಹತ್ತು ಹೆಜ್ಜೆ ಅಂತರದಲ್ಲಿ ಎರಡು ಗುಡಾರ ಹಾಕಿದೆವು. ನನ್ನದು ಹಳೆಯದು, ತಳವಿಲ್ಲದ್ದು. ಅವನದು ಹೊಸದು. ಒಳಗೆ ಹಾಸಿಗೆ, ದಿಂಬು, ಹೊದಿಕೆ. ಗಾಳಕ್ಕೆ ಎರಡು ಕಾಟ್ಲಾ ಮೀನು ಬಿದ್ದಿದ್ದವು, ಸುಟ್ಟುಕೊಂಡು ತಿಂದೆವು. ದೇವಿಂದ್ರಪ್ಪ ಕೆಮ್ಮಿನ ಔಷಧಿ ಕುಡಿದು ಒಳಗೆ ಹೋಗಿ ಚೈನು ಎಳೆದುಕೊಂಡ.

"ಮಾಸ್ತರ್ರ, ಅರಮನಿ ಆಗ್ಯದ್ರಿ ಒಳಗ. ಇಷ್ಟು ವರ್ಷ ಸುಮ್ಮನ ಥಂಡಿ ತಿಂದೆವು ನೋಡ್ರಿ."

"ಆ ಮುದಿಯನ ಮಾತು ಕೇಳಿ" ಎಂದೆ ನಾನು. ಇಬ್ಬರೂ ನಕ್ಕೆವು.

ಯಾವಾಗಲೋ ನನಗೆ ಎಚ್ಚರವಾಯಿತು. ಪಾದ ಒದ್ದೆಯಾಗಿತ್ತು. ಕಾಲು ಮಡಚಿಕೊಂಡೆ. ಮಡಚಿದ ಕಾಲಿಗೂ ನೀರು ಬಂತು. ದಡಬಡಿಸಿ ಎದ್ದು ದಂಡೆಯ ಮೇಲಕ್ಕೆ ಓಡಿದೆ. ಮೊದಲು ಓಡಿದೆ, ಆಮೇಲೆ ಅವನನ್ನು ಕೂಗಿದೆ. ಟಾರ್ಚು ಹಾಕಿದರೆ ಅವನ ಗುಡಾರ ನೀರಿನ ಮೇಲಿತ್ತು. ಮುಳುಗಿರಲಿಲ್ಲ. ಮೇಲಿನ ಎರಡು ಗೂಟಗಳ ಹಗ್ಗಕ್ಕೆ ಕಟ್ಟಿಕೊಂಡು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಒಳಗಿನಿಂದ ನಿದ್ದೆಗಣ್ಣಿನ ದನಿ ಬಂತು.

"ಏನ್ರಿ ಮಾಸ್ತರ್ರ, ಗಾಳಿ ಬಿಟ್ಟದೇನು? ಅಲಗಾಡಾಕತ್ತದ."

ಅವನಿಗೆ ಒಂದು ಹನಿಯೂ ತಾಗಿರಲಿಲ್ಲ. ಗುಡಾರದ ಸುತ್ತ ಸೊಂಟಮಟ್ಟ ಹೊಳೆ ಬಂದಿದ್ದರೂ ಅವನಿಗೆ ಗೊತ್ತಾಗಿರಲಿಲ್ಲ.

"ಚೈನ್ ತಗೀ! ದೇವಿಂದ್ರಾ, ಚೈನ್ ತಗೀ!"

ಅವನು ಎದ್ದು ಕೂತಾಗ ತಲೆ ತಾಗಿ ಬಟ್ಟೆ ಉಬ್ಬಿದ್ದು ಕಂಡಿತು. ಚೈನು ಇದ್ದದ್ದು ಕಾಲಿನ ಕಡೆ, ಹೊಳೆಯ ಕಡೆ. ಅವನು ಆ ಕಡೆಗೆ ತೆವಳಿದ. ಭಾರವೆಲ್ಲ ಅಲ್ಲಿಗೇ ಬಿತ್ತು. ಚೈನು ಜಾಳಿಗೆಯ ಬಟ್ಟೆ ಕಚ್ಚಿ ನಿಂತಿತು. "ಬರವಲ್ದು, ಬರವಲ್ದು" ಎಂದ. ಆ ಕಡೆ ವಾಲಿ ಜಾಳಿಗೆಯಲ್ಲಿ ನೀರು ನುಗ್ಗಿತು. ಎರೆಯಲ್ಲಿ ಹೂತ ಗೂಟ ಕಿತ್ತು ಬಂದವು. ನಾನು ಎದೆಮಟ್ಟ ನೀರಿಗೆ ಇಳಿದು ಹಗ್ಗಕ್ಕೆ ಕೈಹಾಕಿದೆ, ಸಿಗಲಿಲ್ಲ. ಇನ್ನೆರಡು ಹೆಜ್ಜೆ ಇಳಿದಿದ್ದರೆ ಸಿಗುತ್ತಿತ್ತೇನೋ. ಇಳಿಯಲಿಲ್ಲ. ನನಗೆ ಜೀವದ ಆಸೆಯಾಯಿತು.

ಮರುದಿನ ಹೊತ್ತೇರಿದ ಮೇಲೆ ಎರಡು ಮೈಲಿ ಕೆಳಗೆ ಜಾಲಿಕಂಟಿಯ ಪೊದೆಯಲ್ಲಿ ಗುಡಾರ ಸಿಕ್ಕಿತು. ತೆಪ್ಪದವರು ದಂಡೆಗೆ ಎಳೆದು ತಂದರು. ನಾಲ್ಕು ಜನರಿಗೂ ಎತ್ತಲಾಗಲಿಲ್ಲ, ಒಳಗೆ ಅಷ್ಟು ನೀರು. ತಳವನ್ನು ಕುಡುಗೋಲಿನಿಂದ ಹರಿದ ಮೇಲೆ ನೀರು ಹರಿದುಹೋಯಿತು. ದೇವಿಂದ್ರಪ್ಪನ ಬೆರಳುಗಳು ಇನ್ನೂ ಚೈನಿನ ಮೇಲಿದ್ದವು.

ಕಾಲು ಹೊಳೆಯ ಕಡೆ ಯಾಕೆ, ಆ ಕಡೆ ಬಟ್ಟೆ ಯಾಕಿಲ್ಲ, ತಳ ಯಾಕಿಲ್ಲ ಎಂಬುದು ನನಗೆ ಆಗ ತಿಳಿಯಿತು. ಹೊಳೆ ಬಂದರೆ ಅದು ಮಲಗಿದವನ ಪಾದ ಮುಟ್ಟಿ ಎಬ್ಬಿಸಬೇಕು, ಅಷ್ಟೇ. ಇಷ್ಟು ಸಣ್ಣ ಕಾರಣ. ಹದಿನೈದು ವರ್ಷದಲ್ಲಿ ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಆ ಕಾಕಾನ ಗಂಟೇನು ಹೋಗುತ್ತಿತ್ತು? ಇದನ್ನೇ ನಾನು ಊರತುಂಬ ಹೇಳಿದೆ. ಗೊತ್ತಿತ್ತು, ಹೇಳಲಿಲ್ಲ, ಕೊಂದರು. ಜನ ನಂಬಿದರು. ಆ ಬಾಯಿಗೆ ಹೆದರಿದ್ದವರೆಲ್ಲ ನಂಬಲು ಕಾಯುತ್ತಲೇ ಇದ್ದರು.

ಮೂರನೆಯ ದಿನ ಅಯ್ಯಮ್ಮ ಅವರ ಅಂಗಡಿಯ ಮುಂದೆ ಹೋಗಿ ನಿಂತಳು. ಜೊತೆಗೆ ನಾನಿದ್ದೆ, ನಾನೇ ಕರೆದುಕೊಂಡು ಹೋದದ್ದು. ಆಕೆ ಬೀದಿಯ ಮಣ್ಣು ಹಿಡಿಹಿಡಿಯಾಗಿ ಬಾಚಿ ಕಾಕಾನ ಮುಖಕ್ಕೆ ತೂರಿದಳು.

"ನನ್ನ ಗಂಡನ್ನ ಚೀಲದಾಗ ಹಾಕಿ ಹೊಲ್ದ್ಯಲ್ಲೋ! ನಿನ್ನ ಕೈಗೆ ಹುಳ ಬೀಳಲಿ! ನಿನ್ನ ಹೆಣಕ್ಕ ಹೆಗಲು ಸಿಗದಂಗಾಗಲಿ!"

ಕಾಕಾ ಎದ್ದು ನಿಂತರು. ರೆಪ್ಪೆಯ ಮೇಲೆಲ್ಲ ಮಣ್ಣು. ಅವರು ನನ್ನ ಕಡೆ ನೋಡಿದರು. ಈಗ ಹೇಳುತ್ತಾರೆ ಅಂದುಕೊಂಡೆ. ಇವರೇ ಹಾಳೆ ತಂದವರು, ಇವರೇ ನನ್ನ ಬಾಯಿ ಮುಚ್ಚಿಸಿದವರು ಎಂದು ಬೆರಳು ಮಾಡಿ ತೋರಿಸಿದ್ದರೆ ಮುಗಿದಿತ್ತು. ಅವರು ತೋರಿಸಲಿಲ್ಲ. ಅಂಗಿಯ ತುದಿಯಿಂದ ಮುಖ ಒರೆಸಿಕೊಂಡು ಮಷಿನ್ನಿನ ಮುಂದೆ ಕೂತರು. ಆಕೆ ಕೂಗಿ ಕೂಗಿ ಸುಸ್ತಾಗಿ ಕುಸಿದಳು. ಅವಳನ್ನು ಹಿಡಿದುಕೊಂಡು ಮನೆಗೆ ಬಿಟ್ಟುಬಂದೆ. ಒಳ್ಳೆಯ ಮನುಷ್ಯ ಎಂದರು ಜನ.

ಆರು ತಿಂಗಳು ನನಗೆ ನಿದ್ದೆ ಸರಿಯಾಗಲಿಲ್ಲ. ಒಂದು ಮಧ್ಯಾಹ್ನ ಯಾರೂ ಇಲ್ಲದ ಹೊತ್ತು ನೋಡಿ ಅಂಗಡಿಗೆ ಹೋದೆ. ಗಿರಾಕಿಗಳು ಬರುವುದು ನಿಂತುಹೋಗಿತ್ತು. ಮೆಣಸಿನಕಾಯಿ ಒಣಗಿಸಲೆಂದು ಗೊಬ್ಬರದ ಚೀಲ ಬಿಚ್ಚಿ ಒಂದಕ್ಕೊಂದು ಜೋಡಿಸಿ ಹೊಲಿಯುತ್ತ ಕೂತಿದ್ದರು. ಅಂಥ ಕೈಗೆ ಇಂಥ ಕೆಲಸ. ನನ್ನನ್ನು ನೋಡಿಯೂ ಕೂಡಿರಿ ಎನ್ನಲಿಲ್ಲ. ನಿಂತೇ ಕೇಳಿದೆ.

"ಕಾಕಾ, ಅವತ್ತು ಅಯ್ಯಮ್ಮನ ಮುಂದ ನನ್ನ ಹೆಸರು ಯಾಕ ಹೇಳಲಿಲ್ರಿ?"

ಅವರು ತಲೆ ಎತ್ತದೆ ಒಂದು ಪ್ರಶ್ನೆ ಹಾಕಿದರು.

"ತಳ ಸೋರಿತ್ತೇನ್ರಿ?"

"ಏನು?"

"ನನ್ನ ಹೊಲಿಗಿ. ಹೆಣ ಸಿಕ್ಕಾಗ ಒಳಗಿನ ನೀರು ಹೊರಗ ಸೋರಾಕತ್ತಿತ್ತೇನು, ಇಲ್ಲೋ?"

"ಸೋರಿರಲಿಲ್ಲ" ಎಂದೆ.

"ಹ್ಞಾಂ" ಎಂದರು. ಆ ಮುಖದಲ್ಲಿ ಇದ್ದದ್ದು ಅಭಿಮಾನವೋ ಸಂಕಟವೋ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಹೊಲಿಗೆ ನಿಲ್ಲಿಸಿದರು.

"ನಾ ಅವತ್ತು ಗುಡಾರ ಕೊಡೂ ಮುಂದ ಹೇಳಬೇಕಿತ್ತು. ನೀವು ಬಾಯಿ ಮುಚ್ಚು ಅಂದ್ರಿ ಅಂತ ನಾ ಮುಚ್ಚಬಾರದಿತ್ತು. ಹೆಂಡ್ತಿ ಮಾತು ತಗದ್ರಿ, ಸಿಟ್ಟು ಬಂತು. ಹಾಳಾಗಿ ಹೋಗ್ರಿ ಅಂತ ಹೊಲಿದೆ. ಅದು ನನ್ನ ಪಾಪ, ನಾ ಉಣ್ತೀನಿ."

"ಮತ್ತ ನನ್ನ ಪಾಲಿಂದು?"

"ಅದಕ್ಕ ಬಂದೀರೇನು?" ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಆಕಿ ಮುಂದ ನಾ ನಿಮ್ಮ ಹೆಸರು ಹೇಳಿದ್ರ ಏನಾಗ್ತಿತ್ರಿ? ಆಕಿ ನಿಮ್ಮ ಮಾರಿಗೂ ಮಣ್ಣು ತೂರ್ತಿದ್ಳು. ನೀವು ಅತ್ತು ಕರದು, ಕಾಲು ಹಿಡದು, ನಾಕು ದಿನದಾಗ ಹಗುರ ಆಗ್ತಿದ್ರಿ. ನಾ ಯಾಕ ನಿಮ್ಮನ್ನ ಹಗುರ ಮಾಡ್ಲಿ? ನಾ ಸಾಯೂತನ ಹೇಳಂಗಿಲ್ಲ. ಹೋಗ್ರಿ."

ಆ ಮಾತನ್ನು ಅವರು ಉಳಿಸಿಕೊಂಡರು. ಅಂಗಡಿ ಮುರುಕಲಾಯಿತು, ಮಷಿನ್ ತುಕ್ಕು ಹಿಡಿಯಿತು, ಚಹಾದಂಗಡಿಯವನು ಕೂಡ ಅವರಿಗೆ ಬೇರೆ ಕಪ್ಪು ಇಟ್ಟ. ಎಲ್ಲರನ್ನೂ ಬೈದರು, ಕೊನೆಯ ಉಸಿರಿನವರೆಗೂ ಬೈದರು. ನನ್ನ ಹೆಸರನ್ನು ಮಾತ್ರ ಎತ್ತಲಿಲ್ಲ. ಎದುರಿಗೆ ಸಿಕ್ಕಾಗಲೆಲ್ಲ ನಾನೇ ಓಣಿ ಬದಲಿಸುತ್ತಿದ್ದೆ.

ಅವರ ಮಣ್ಣು ಮುಗಿದ ಮರುದಿನ ಅಯ್ಯಮ್ಮ ನಮ್ಮ ಮನೆಗೆ ಬಂದಳು. ಕೈಯಲ್ಲಿ ಡಬ್ಬಿ. ತುಪ್ಪ ಹಾಕಿದ ಬಿಸಿ ಹೋಳಿಗೆ.

"ಆ ಪಾಪಿ ಹ್ವಾದ್ನಂತಲ್ರಿ ಅಣ್ಣಾ. ಹೆಗಲು ಕೊಡಾಕ ಮಂದಿ ಸಿಗಲಿಲ್ಲಂತ. ಇವತ್ತ ನನ್ನ ಹೊಟ್ಟಿ ತಣ್ಣಗಾತು. ಅವತ್ತು ನೀವೊಬ್ರು ನನ್ನ ಬೆನ್ನಿಗೆ ನಿಂತ್ರಿ, ಅದಕ್ಕ ಮೊದಲ ನಿಮಗ ತಂದೀನಿ. ತಿನ್ರಿ, ನನ್ನ ಮುಂದ ತಿನ್ರಿ."

ಹೇಳಬೇಕೆಂದು ಬಾಯಿ ತೆರೆದೆ. ಆಕೆ ಹೋಳಿಗೆ ಮುರಿದು ಕೈಗೆ ಕೊಟ್ಟಳು. ತಿಂದೆ. ಎರಡು ಹಾಕಿದಳು, ಎರಡೂ ತಿಂದೆ. ನನ್ನ ತಾಟು ನೋಡಿ ಆಕೆಗೆ ಸಮಾಧಾನವಾಯಿತು, ಡಬ್ಬಿ ತೊಳೆದುಕೊಂಡು ಹೋದಳು.

ಆ ರಾತ್ರಿಯೇ ಇದನ್ನು ಬರೆಯಲು ಕೂತೆ. ಅಯ್ಯಮ್ಮನಿಗೆ ಓದು ಬರುವುದಿಲ್ಲ. ಅದು ಗೊತ್ತಿದ್ದೇ ಬರೆದಿದ್ದೇನೆ.